ಒಂಟಿ ಬೆಂಡೋಲೆಗೆ ಬೆಲೆ ಎಷ್ಟು?

ಚಿನ್ನ-ಬೆಳ್ಳಿ: ಓದುಗರ ಪ್ರಶ್ನೆಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಮನೆಯಲ್ಲಿರುವ ಮುರುಕು ಚಿನ್ನ, ಹಳೇ ಒಡವೆಗಳನ್ನು ಮೊಬೈಲ್‌ನಲ್ಲೇ ಹರಾಜಿಗೆ ಹಾಕಿ ಮಾರಬಹುದಾ ಅಂತ. ದರ ಏರಿದಾಗಲೆಲ್ಲ ಬೀರುವಿನ ಒಳಗಿನ ಡಬ್ಬಿ ನೆನಪಾಗುವುದು ಸಹಜ. ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳುತ್ತೇನೆ. ನಮ್ಮದು ಹಾಸನದ ಅಕ್ಕಸಾಲಿಗರ ಮನೆ. ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಪಕ್ಕ ಕುಲುಮೆ ಮುಂದೆ ಕೂತವನು ನಾನು. ಆಮೇಲೆ 31 ವರ್ಷ ಒಂದು ಬ್ಯಾಂಕಿನಲ್ಲಿ ಅಡವಿಗೆ ಬಂದ ಚಿನ್ನವನ್ನು ಒರೆ ಹಚ್ಚಿ ನೋಡುವ ಅಪ್ರೈಸರ್ ಆಗಿದ್ದೆ. ಈಗ ಮನೆಯಲ್ಲಿದ್ದೇನೆ. ಒರೆಗಲ್ಲು ಮಾತ್ರ ಈಗಲೂ ಮೇಜಿನ ಮೇಲೆ ಇದೆ.

ಪ್ರಶ್ನೆ: ಅಣ್ಣ, ನಮಸ್ಕಾರ. ನಮ್ಮದು ಮೂರು ಎಕರೆ ಕಾಫಿ ತೋಟ. ಮಗಳ ಕಾಲೇಜು ಫೀಸಿಗೆ ಹಣ ಬೇಕಾಗಿದೆ. ನನ್ನ ಹತ್ತಿರ ಮುರಿದ ಎರಡು ಬಳೆ, ತುಂಡಾದ ಒಂದು ಚೈನು, ಜೊತೆ ಕಳೆದುಹೋದ ಒಂಟಿ ಬೆಂಡೋಲೆ, ಅತ್ತೆಯವರು ಕೊಟ್ಟ ಕಾಸಿನ ಸರ ಇವೆ. ಊರಿನ ಅಂಗಡಿಗೆ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಆನ್‌ಲೈನ್ ಹರಾಜಿಗೆ ಹಾಕಿದರೆ ಮನೆಗೇ ಬಂದು ತಗೊಂಡು ಹೋಗುತ್ತಾರೆ, ದರವೂ ಜಾಸ್ತಿ ಸಿಗುತ್ತದೆ ಅಂತ ಮಗಳು ಹೇಳುತ್ತಾಳೆ. ಕಾಸಿನ ಸರ ಬಿಟ್ಟು ಉಳಿದದ್ದನ್ನು ಅಡುಗೆಮನೆ ತಕ್ಕಡಿಗೆ ಹಾಕಿದೆ, 33 ಗ್ರಾಂ ತೋರಿಸಿತು. ಏನು ಮಾಡಲಿ?
(ಓದುಗಿ, ಮೂಡಿಗೆರೆ ತಾಲ್ಲೂಕು)

ಉತ್ತರ: ತಂಗಿ, ಮೊದಲು ನಿಮ್ಮ ಪತ್ರದ ಒಂದು ಮಾತು ಎತ್ತಿಕೊಳ್ಳುತ್ತೇನೆ. ಎಲ್ಲರಿಗೂ ಗೊತ್ತಾಗುತ್ತದೆ ಅಂದಿದ್ದೀರಿ. ಬ್ಯಾಂಕಿನ ಮೂಲೆ ಮೇಜಿನಲ್ಲಿ ಕೂತು ಇಷ್ಟು ವರ್ಷ ನಾನು ಕಂಡದ್ದು ಇದನ್ನೇ. ಹೆಣ್ಣುಮಕ್ಕಳು ಒಡವೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದರು. ಹಿಂದೆ ಮುಂದೆ ನೋಡುತ್ತಿದ್ದರು. ಬೇಗ ಮುಗಿಸಿ ಸ್ವಾಮಿ ಅನ್ನುತ್ತಿದ್ದರು. ತೂಕ ಎಷ್ಟು ಬಂತು ಅಂತ ಕೇಳುವವರು ನೂರಕ್ಕೆ ಒಬ್ಬರೋ ಇಬ್ಬರೋ. ಚಿನ್ನ ಮಾರುವುದು ತಪ್ಪು ಕೆಲಸ ಅಂತ ಯಾರೋ ನಮ್ಮ ತಲೆಗೆ ತುಂಬಿಬಿಟ್ಟಿದ್ದಾರೆ. ಆ ಸಂಕೋಚದಿಂದಲೇ ಜನ ಜಾಸ್ತಿ ಹಣ ಕಳೆದುಕೊಳ್ಳುತ್ತಾರೆ. ಕಲಬೆರಕೆಯಿಂದ ಅಷ್ಟು ಕಳೆದುಕೊಳ್ಳುವುದಿಲ್ಲ.

ಇದು ನಮ್ಮ ಮನೆಯಲ್ಲೇ ಆಯಿತು. ನನ್ನ ಅಕ್ಕ ಅರಕಲಗೂಡಿನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅವಳಿಗೆ ಹಣದ ತೊಂದರೆ ಬಂತು. ನನಗೆ ಹೇಳಿಕೊಳ್ಳಲು ನಾಚಿಕೆ. ಮೊಮ್ಮಗನ ಕೈಲಿ ಒಡವೆಯ ಫೋಟೊ ತೆಗೆಸಿ ಒಂದು ಹರಾಜು ತಾಣಕ್ಕೆ ಹಾಕಿಸಿದಳು. ಮೂರು ದಿನ ಬಿಡ್ ಏರಿತು. ಕೊನೆಗೆ ನಿಂತದ್ದು ಅವತ್ತಿನ ಪೇಟೆ ದರಕ್ಕಿಂತ ಮೇಲೆ. ಒಬ್ಬ ಹುಡುಗ ಬಂದು ಚೀಲಕ್ಕೆ ಹಾಕಿ ಸೀಲ್ ಮಾಡಿ ತಗೊಂಡು ಹೋದ. ಐದು ದಿನದ ಮೇಲೆ ಫೋನ್ ಬಂತು. ಪರೀಕ್ಷೆಯಲ್ಲಿ 18 ಕ್ಯಾರೆಟ್ ಬಂದಿದೆ, ಇಷ್ಟು ಕಡಿಮೆ ಹಣ ಕೊಡುತ್ತೇವೆ, ಬೇಡ ಅಂದರೆ ಪರೀಕ್ಷೆ ಖರ್ಚು ಕೊಟ್ಟು ವಾಪಸ್ ತಗೊಳ್ಳಿ ಅಂದರು. ಆಗ ಅಕ್ಕ ಅಳುತ್ತಾ ನನಗೆ ಫೋನ್ ಮಾಡಿದಳು.

ಆ ಚೈನು, ಓಲೆ ಅಪ್ಪನೇ 1979ರಲ್ಲಿ ಅವಳ ಮದುವೆಗೆ ಮಾಡಿದ್ದು. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಮೂರೂವರೆ ತೊಲ ಅಂತ ಬರೆದಿದೆ. ತೊಲ ಅಂದರೆ 11.66 ಗ್ರಾಂ, ಹಾಗಾಗಿ ಹತ್ತಿರ ಹತ್ತಿರ 40.8 ಗ್ರಾಂ. ಖರ್ಚು ಕಟ್ಟಿ ವಾಪಸ್ ತರಿಸಿ ತೂಗಿದರೆ 38.9 ಇತ್ತು. ಓಲೆಯ ಎರಡೂ ತಿರುಪು ಇರಲಿಲ್ಲ. ಒರೆಗೆ ಹಚ್ಚಿದರೆ ಅಪ್ಪನ ಚಿನ್ನ ಅಪ್ಪನ ಚಿನ್ನವೇ, 22 ಕ್ಯಾರೆಟ್. ನಲವತ್ತು ವರ್ಷ ಮೈಮೇಲಿದ್ದ ಚೈನು ಸವೆದಿದ್ದೂ ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟು ಸವೆಯಿತು, ಎಷ್ಟು ಹೋಯಿತು ಅಂತ ಹೇಳುವುದು ಹೇಗೆ? ಕೊಡುವ ಮೊದಲು ಅಕ್ಕ ತೂಕವೇ ಹಾಕಿಸಿರಲಿಲ್ಲ. ಜಗಳ ಆಡಲು ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಚಿನ್ನ ನೋಡುವುದೇ ಕೆಲಸವಾಗಿದ್ದ ತಮ್ಮ ಅರ್ಧ ಗಂಟೆ ದೂರದಲ್ಲಿದ್ದ, ಅವಳು ಅವನನ್ನು ಕೇಳಲಿಲ್ಲ. ಅದು ನನಗೆ ಈಗಲೂ ನೋವು.

ಈಗ ಹರಾಜಿನ ವಿಷಯಕ್ಕೆ ಬರೋಣ. ಕೊಳ್ಳುವವನ ಜಾಗದಲ್ಲಿ ಕೂತು ಯೋಚನೆ ಮಾಡಿ. ಅವನ ಮುಂದೆ ಇರುವುದು ಫೋಟೊ ಮಾತ್ರ. ಒಳಗೆ ಅರಗು ಎಷ್ಟಿದೆ, ಬೆಸುಗೆ ಎಷ್ಟಿದೆ, ಚಿನ್ನ ಎಂಥದ್ದು, ಯಾವುದೂ ಗೊತ್ತಿಲ್ಲ. ಮುರಿದ ಬಳೆಯನ್ನು ಅವನು ತೊಡುವುದಿಲ್ಲ, ಕರಗಿಸುತ್ತಾನೆ. ಕರಗಿದ ಮೇಲೆ ಬರುವ ಚಿನ್ನಕ್ಕೆ ಪೇಟೆ ದರವೇ ಸಿಗುವುದು. ಅದರಲ್ಲಿ ತಾಣದವರ ಕಮಿಷನ್, ಸಾಗಣೆ, ವಿಮೆ, ಅವನ ಲಾಭ ಎಲ್ಲ ಹುಟ್ಟಬೇಕು. ಹಾಗಾದರೆ ಪೇಟೆ ದರಕ್ಕಿಂತ ಮೇಲೆ ಕೂಗಲು ಅವನಿಗೆ ಹೇಗೆ ಗಿಟ್ಟುತ್ತದೆ? ಒಂದೇ ದಾರಿ. ಮೊದಲು ಮೇಲೆ ಕೂಗಿ, ಮಾಲು ಕೈಗೆ ಬಂದ ಮೇಲೆ ಕೆಳಗೆ ಇಳಿಸಬೇಕು. ಮುರುಕು ಚಿನ್ನಕ್ಕೆ ಪೇಟೆ ದರ ಮೀರಿದ ಬಿಡ್ ಬಂದರೆ ಖುಷಿಪಡಬೇಡಿ, ಅಲ್ಲೇ ನಿಲ್ಲಿಸಿ. ಪ್ರಾಮಾಣಿಕವಾಗಿ ಕೊಳ್ಳುವವರೂ ಇದ್ದಾರೆ. ಆದರೆ ಅವರು ಕಾಣದ ಮಾಲಿಗೆ ದರಕ್ಕಿಂತ ಕೆಳಗೇ ಕೂಗುತ್ತಾರೆ. ಹೇಗೆ ನೋಡಿದರೂ ಮುರುಕು ಚಿನ್ನಕ್ಕೆ ದೂರದ ಹರಾಜಿನಿಂದ ನಿಮಗೆ ಹೆಚ್ಚು ಹಣ ಹುಟ್ಟುವ ದಾರಿ ನನಗೆ ಕಾಣುತ್ತಿಲ್ಲ.

ಎಲ್ಲಿ ಮಾರಿದರೂ ನಿಮ್ಮ ಲೆಕ್ಕ ನಿಮಗೆ ಗೊತ್ತಿರಬೇಕು. ಅಡುಗೆಮನೆ ತಕ್ಕಡಿ ಬೇಡ, ಅದು ಒಂದು ಗ್ರಾಂ ಆಚೀಚೆ ತೋರಿಸುತ್ತದೆ. ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ದಶಾಂಶದ ಚುಕ್ಕೆ ಆದ ಮೇಲೆ ಮೂರು ಅಂಕಿ ಬರುತ್ತದೆ. ಗಾಜಿನ ಬಾಗಿಲು ಮುಚ್ಚಿಸಿ, ಫ್ಯಾನ್ ನಿಲ್ಲಿಸಿ, ಸೊನ್ನೆ ಬಂದಿದ್ದು ನೋಡಿ ಆಮೇಲೆ ಇಡಿಸಿ. ಒಂದೊಂದನ್ನೂ ಬೇರೆ ಬೇರೆ ತೂಗಿಸಿ, ತಕ್ಕಡಿಯ ಅಂಕಿ ಕಾಣುವ ಹಾಗೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಬಳೆಯ ಒಳಮೈಯಲ್ಲಿ 916 ಇದೆಯಾ ನೋಡಿ. ಅಂದರೆ ಸಾವಿರಕ್ಕೆ 916 ಪಾಲು ಅಪ್ಪಟ ಚಿನ್ನ, ನಾವು 22 ಕ್ಯಾರೆಟ್ ಅನ್ನುವುದು ಅದನ್ನೇ. 750 ಅಂದರೆ 18 ಕ್ಯಾರೆಟ್, 585 ಅಂದರೆ 14. 2021ರ ಜುಲೈನಿಂದ ಈಚೆಗೆ ಹಾಲ್‌ಮಾರ್ಕ್ ಆದ ಒಡವೆಯಲ್ಲಿ ಅಕ್ಷರ, ಅಂಕಿ ಸೇರಿ ಆರು ಇರುವ ಎಚ್‌ಯುಐಡಿ ಸಂಖ್ಯೆಯೂ ಇರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನವರ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ವಿವರ ಬರುತ್ತದೆ. ಮುದ್ರೆ ಇಲ್ಲದ ಹಳೇ ಒಡವೆಯನ್ನು ಅಂಗಡಿಯವರು ಕೊಳ್ಳುವ ಹಾಗಿಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಮುದ್ರೆಯ ಕಡ್ಡಾಯ ಇರುವುದು ಅಂಗಡಿಯವರು ನಮಗೆ ಮಾರುವುದಕ್ಕೆ. ನಾವು ಅವರಿಗೆ ಮಾರುವುದಕ್ಕೆ ಅದು ಇಲ್ಲ. ಅನುಮಾನ ಇದ್ದರೆ ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕ್ ಕೇಂದ್ರದಲ್ಲಿ ನೀವೇ ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆವರೆಗೆ 200 ರೂಪಾಯಿ, ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದಕ್ಕೆ 45 ರೂಪಾಯಿ ಅಂತ ದರ ಗೊತ್ತು ಮಾಡಿದ್ದಾರೆ.

ನಿಮ್ಮ ಒಡವೆಯನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಲೆಕ್ಕ ಸುಲಭ ಆಗಲಿ ಅಂತ 24 ಕ್ಯಾರೆಟ್ ದರ ಗ್ರಾಂಗೆ 10,000 ರೂಪಾಯಿ ಅಂದುಕೊಳ್ಳಿ. ನೀವು ಮಾರುವ ದಿನದ ದರವನ್ನು ಪತ್ರಿಕೆಯ ಚಿನಿವಾರ ಪೇಟೆ ಕಾಲಂನಲ್ಲಿ ನೋಡಿ ಹಾಕಿಕೊಳ್ಳಿ. ಬಳೆ ಎರಡೂ ಸೇರಿ 18.6 ಗ್ರಾಂ, 916 ಮುದ್ರೆ ಇದೆ ಅಂದುಕೊಳ್ಳೋಣ. 0.916ರಿಂದ ಗುಣಿಸಿದರೆ 17.04 ಗ್ರಾಂ ಅಪ್ಪಟ ಚಿನ್ನ. ಚೈನು 9.4 ಗ್ರಾಂ, ಬೆಸುಗೆ ಜಾಸ್ತಿ ಇದ್ದು ಪರೀಕ್ಷೆಯಲ್ಲಿ 21 ಕ್ಯಾರೆಟ್ ಬಂತು ಅನ್ನೋಣ. 0.875ರಿಂದ ಗುಣಿಸಿದರೆ 8.22. ಬೆಂಡೋಲೆ ಹಾಗೇ ತೂಗಿದರೆ 5.2. ಅರಗು, ಹರಳು ತೆಗೆದ ಮೇಲೆ 3.1 ಉಳಿದು, 20 ಕ್ಯಾರೆಟ್ ಬಂದರೆ 2.58. ಎಲ್ಲ ಸೇರಿ 27.84 ಗ್ರಾಂ, ಅಂದರೆ 2,78,400 ರೂಪಾಯಿ. ನೀವು 33.2 ಗ್ರಾಂ ಅಂತ ನೇರವಾಗಿ ಗುಣಿಸಿದ್ದರೆ 3,32,000 ಬರುತ್ತಿತ್ತು. ನಡುವಿನ 53 ಸಾವಿರ ಚಿಲ್ಲರೆ ಯಾರ ಮೋಸವೂ ಅಲ್ಲ. ಅದು ಚಿನ್ನವೇ ಅಲ್ಲ, ತಾಮ್ರ, ಬೆಳ್ಳಿ, ಅರಗು, ಗಾಜು. ಮೋಸ ಅನ್ನುವುದು 2,78,400ರಿಂದ ಕೆಳಗೆ ಶುರುವಾಗುತ್ತದೆ. ಅಲ್ಲಿಂದ ಕೆಳಗೆ ಕಳೆಯುವ ಪ್ರತಿ ರೂಪಾಯಿಗೂ ಕಾರಣ ಕೇಳಿ.

ಬೆಂಡೋಲೆ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ಹಳೇ ಬೆಂಡೋಲೆ ನೋಡಲು ದಪ್ಪ, ಒಳಗೆ ಪೊಳ್ಳು. ತೆಳು ತಗಡನ್ನು ಬಟ್ಟಲಿನ ಹಾಗೆ ತಟ್ಟಿ, ಒಳಗೆ ಅರಗು ತುಂಬಿ, ಮೇಲೆ ಕೆಂಪು ಹರಳು ಕೂರಿಸುತ್ತಿದ್ದರು. ಅಪ್ಪ ಅದನ್ನು ಬಿಚ್ಚುತ್ತಿದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಚಿಮುಟದ ತುದಿಯಿಂದ ಹರಳುಗಳನ್ನು ಒಂದೊಂದಾಗಿ ಎಬ್ಬಿಸಿ ತಾಮ್ರದ ತಟ್ಟೆಗೆ ಹಾಕುತ್ತಿದ್ದರು. ಆಮೇಲೆ ಕೆಂಡದ ಅಂಚಿನಲ್ಲಿ ಓಲೆ ಇಟ್ಟು ಊದುಗೊಳವೆಯಿಂದ ಮೆಲ್ಲಗೆ ಊದುವುದು. ಜೋರು ಬೆಂಕಿ ತಾಗಿದರೆ ತಗಡು ಸುಕ್ಕಾಗುತ್ತದೆ. ಸ್ವಲ್ಪ ಹೊತ್ತಿಗೆ ಕಪ್ಪು ಕೆಂಪು ಅರಗು ಮೆತ್ತಗಾಗಿ ಹಿಂದಿನ ತೂತಿನಿಂದ ಜೇನಿನ ಹಾಗೆ ಇಳಿಯುತ್ತಿತ್ತು. ಅಂಗಡಿ ತುಂಬ ಅದರ ವಾಸನೆ. ಉಳಿದ ತಗಡನ್ನು ಹುಣಸೆ ನೀರಿನಲ್ಲಿ ಕುದಿಸಿ ತೊಳೆದು ತೂಗಿದರೆ, ತಂದವರ ಮುಖ ಸಣ್ಣದಾಗುತ್ತಿತ್ತು. ಅದಕ್ಕೇ ಅಪ್ಪ ಬಿಚ್ಚುವ ಕೆಲಸವನ್ನು ಗಿರಾಕಿ ಎದುರಿಗೇ ಮಾಡುತ್ತಿದ್ದರು. ಅರಗನ್ನೂ ತೂಗಿ ತೋರಿಸುತ್ತಿದ್ದರು. ಹರಳು ಪೊಟ್ಟಣ ಕಟ್ಟಿ ವಾಪಸ್. ನೀವೂ ಹಾಗೇ ಕೇಳಿ. ಹರಳು ನಿಮ್ಮದು. ಗಾಜು ಅಂದರೂ ಸರಿ, ವಾಪಸ್ ಇಸ್ಕೊಳ್ಳಿ.

ಅಂಗಡಿಯಲ್ಲಿ ಈಗ ಒಂದು ಮೆಷಿನ್ ಇರುತ್ತದೆ. ಒಡವೆ ಒಳಗಿಟ್ಟರೆ ಪರದೆ ಮೇಲೆ ಚಿನ್ನ ಎಷ್ಟು, ತಾಮ್ರ ಎಷ್ಟು ಅಂತ ಬರುತ್ತದೆ. ಒಳ್ಳೆಯ ಸಾಧನ, ಒಡವೆ ಹಾಳಾಗುವುದಿಲ್ಲ. ಆದರೆ ಅದು ನೋಡುವುದು ಮೇಲ್ಮೈ ಮಾತ್ರ. ಬೆಸುಗೆ ಮೇಲೆ ಕಿರಣ ಬಿದ್ದರೆ ಕಡಿಮೆ ತೋರಿಸುತ್ತದೆ, ಗಟ್ಟಿ ಲೇಪದ ಮೇಲೆ ಬಿದ್ದರೆ ಜಾಸ್ತಿ. ಎರಡು ಮೂರು ಕಡೆ ಇಡಿಸಿ ನೋಡಿ. ಮಾರುವುದು ಖಚಿತವಾದ ಮೇಲೆ ನಿಮ್ಮೆದುರೇ ಮೂಸೆಗೆ ಹಾಕಿ ಕರಗಿಸಿ, ಗಟ್ಟಿ ಮಾಡಿ, ಆ ಗಟ್ಟಿಯನ್ನು ಪರೀಕ್ಷಿಸಿದರೆ ಅದೇ ನಿಜವಾದ ಲೆಕ್ಕ. ಕರಗಿಸುವ ಮೊದಲು ಒಂದು ತೂಕ, ಆದ ಮೇಲೆ ಒಂದು ತೂಕ. ಸವಕಳಿಗೆ ಎಷ್ಟು ಹಿಡಿಯುತ್ತೀರಿ ಅಂತ ಬೆಂಕಿ ಹಚ್ಚುವ ಮೊದಲೇ ಕೇಳಿ. ಕರಗಿದ ಮೇಲೆ ಒಡವೆ ವಾಪಸ್ ಬರುವುದಿಲ್ಲ.

ಕಾಸಿನ ಸರವನ್ನು ಈ ಗುಂಪಿಗೆ ಸೇರಿಸಲೇಬೇಡಿ. ಸಾಮಾನ್ಯವಾಗಿ ಅದರಲ್ಲಿರುವುದು ಲಕ್ಷ್ಮಿ ಅಚ್ಚಿನ ತೆಳು ಕಾಸು. ಕೆಲವು ಮನೆಗಳಲ್ಲಿ ಬ್ರಿಟಿಷರ ಕಾಲದ ಚಿನ್ನದ ನಾಣ್ಯ, ನಿಜವಾದ ಸವರನ್‌ಗೇ ಕೊಂಡಿ ಬೆಸೆದು ಸರ ಮಾಡಿಸಿದ್ದಾರೆ. ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿ, ಎಡ್ವರ್ಡ್ ಅಥವಾ ಜಾರ್ಜ್ ದೊರೆಯ ತಲೆ, ಇನ್ನೊಂದರಲ್ಲಿ ಕುದುರೆ ಮೇಲೆ ಕೂತವನು ಕೆಳಗಿನ ಘಟಸರ್ಪವನ್ನು ಕೊಲ್ಲುವ ಚಿತ್ರ ಇದ್ದರೆ ಅದು ಸವರನ್. ತೂಕ 7.988 ಗ್ರಾಂ, 22 ಕ್ಯಾರೆಟ್. 1918ರಲ್ಲಿ ಬೊಂಬಾಯಿಯಲ್ಲೂ ಅದನ್ನು ಅಚ್ಚು ಹಾಕಿದ್ದರು. ಭೂತಗನ್ನಡಿ ಹಿಡಿದರೆ ಕುದುರೆ ಕಾಲಡಿಯ ನೆಲದ ಮೇಲೆ ಇಂಗ್ಲಿಷಿನ ಪುಟಾಣಿ 'ಐ' ಅಕ್ಷರ ಕಾಣುತ್ತದೆ. ನಾನು ಬ್ಯಾಂಕಿನಲ್ಲಿ ಅಂಥದ್ದನ್ನು ಕಂಡಿದ್ದು ಒಂದೇ ಸಲ. ಆಲೂರು ಕಡೆಯ ಅಜ್ಜಿಯೊಬ್ಬರ ಸರದಲ್ಲಿ ಇತ್ತು. ಬಿಸಿಲಿಗೆ ಹಿಡಿದು ಅವರಿಗೂ ತೋರಿಸಿದೆ, ಆ ಸರವನ್ನು ಅವರು ಆಮೇಲೆ ಬಿಡಿಸಿಕೊಂಡು ಹೋದರು. ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹಕಾರರು ಹೆಚ್ಚು ಕೊಡುವುದಿಲ್ಲ, ನಿಜ. ಆದರೂ ನೋಡದೆ ಕರಗಿಸಬೇಡಿ. ಫೀಸಿಗೆ ಇನ್ನೂ ಹಣ ಸಾಲದೆ ಬಂದರೆ ಆ ಸರವನ್ನು ಬ್ಯಾಂಕಿನಲ್ಲಿ ಅಡವಿಡಿ. ಕಾಫಿ ಹಣ ಬಂದಾಗ ಬಿಡಿಸಿಕೊಳ್ಳಿ.

ಊರಿನಲ್ಲಿ ಮಾರಲು ಮುಜುಗರ ಆದರೆ ಬಸ್ಸು ಹತ್ತಿ ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗಿ. ಹಾಸನದ ಕಸ್ತೂರಬಾ ರಸ್ತೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿ ಖಾಲಿ ಇರುತ್ತದೆ, ನಿಮ್ಮನ್ನು ಗುರುತಿಸುವವರು ಯಾರೂ ಇರುವುದಿಲ್ಲ. ಮಗಳನ್ನೂ ಕರೆದುಕೊಂಡು ಹೋಗಿ. ಅವಳ ಫೀಸಿಗೆ ಅಲ್ವಾ, ಅವಳಿಗೂ ತಿಳಿಯಲಿ. ಮೂರು ಅಂಗಡಿ ಕೇಳಿ, ಅವಸರ ಬೇಡ. ಆಧಾರ್, ಪ್ಯಾನ್ ಇಟ್ಟುಕೊಳ್ಳಿ. ದೊಡ್ಡ ಮೊತ್ತವನ್ನು ಅಂಗಡಿಯವರು ಬ್ಯಾಂಕ್ ಖಾತೆಗೇ ಹಾಕುತ್ತಾರೆ, ಅದೇ ಒಳ್ಳೆಯದು. ನಾವು ಮನೆಯ ಒಡವೆ ಮಾರಿದರೆ ನಮ್ಮಿಂದ ಜಿಎಸ್‌ಟಿ ಹಿಡಿಯುವ ಹಾಗಿಲ್ಲ. 24 ತಿಂಗಳಿಗಿಂತ ಹೆಚ್ಚು ಕಾಲ ಇದ್ದ ಚಿನ್ನದ ಲಾಭಕ್ಕೆ 12.5% ಆದಾಯ ತೆರಿಗೆ ಇದೆ. 2001ರ ಏಪ್ರಿಲ್ 1ಕ್ಕಿಂತ ಮೊದಲಿನ ಒಡವೆಯಾದರೆ ಆ ದಿನದ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು. ತೆರಿಗೆ ಲೆಕ್ಕ ಬರೆಯುವವರಿಗೆ ರಸೀದಿ ತೋರಿಸಿ, ಅವರು ನೋಡಿಕೊಳ್ಳುತ್ತಾರೆ.

ಇಷ್ಟಾದ ಮೇಲೂ ಆನ್‌ಲೈನೇ ಬೇಕು ಅನ್ನಿಸಿದರೆ, ಮನೆಗೆ ಬಂದು ನಿಮ್ಮ ಕಣ್ಣೆದುರೇ ತೂಗಿ, ಪರೀಕ್ಷಿಸಿ, ಹಣ ಖಾತೆಗೆ ಬಿದ್ದ ಮೇಲೆ ಚಿನ್ನ ಎತ್ತಿಕೊಳ್ಳುವವರಿಗೆ ಮಾತ್ರ ಕೊಡಿ. ಚೀಲಕ್ಕೆ ಹಾಕಿ ಊರು ದಾಟಿಸುವವರು ಬೇಡ. ಹಣ ಹಾಕುತ್ತೇವೆ, ಈ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೆ ಫೋನ್ ಇಟ್ಟುಬಿಡಿ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇನ್ನೊಂದು ವಿಷಯ. ಫೋಟೊ ಚೆನ್ನಾಗಿ ಬರಲಿ ಅಂತ ಬೀದಿಯಲ್ಲಿ ಪಾಲಿಶ್ ಮಾಡುವವರಿಗೆ ಒಡವೆ ಕೊಡಬೇಡಿ. ಅವರ ಬಟ್ಟಲಿನ ದ್ರವದಲ್ಲಿ ಚಿನ್ನ ಕರಗಿ ಉಳಿಯುತ್ತದೆ. ನಿಮಗೆ ಸಿಗುವುದು ಹೊಳಪು ಮಾತ್ರ.

ಪ್ರಶ್ನೆ: ಸರ್, ನನಗೆ 26 ವರ್ಷ, ಮೊಬೈಲ್ ರಿಪೇರಿ ಅಂಗಡಿ ಇದೆ. ಹೊರದೇಶದ ಹರಾಜು ತಾಣಗಳಲ್ಲಿ 'ಗೋಲ್ಡ್ ಫಿಲ್ಡ್ ಸ್ಕ್ರ್ಯಾಪ್' ಅಂತ ನೂರು ಗ್ರಾಂ ಲಾಟ್ ಬಹಳ ಕಡಿಮೆಗೆ ಸಿಗುತ್ತದೆ. ತರಿಸಿ ಚಿನ್ನ ತೆಗೆದು ಮಾರಿದರೆ ಲಾಭ ಇದೆಯಾ?
(ಓದುಗ, ಹಾಸನ)

ಉತ್ತರ: ತಮ್ಮಾ, ಲಾಭ ಇಲ್ಲ. ಗೋಲ್ಡ್ ಫಿಲ್ಡ್ ಅಂದರೆ ಹಿತ್ತಾಳೆ ಮೇಲೆ ಚಿನ್ನದ ತೆಳು ಹಾಳೆ ಒತ್ತಿದ ಮಾಲು. ಅದರ ಮೇಲೆ '1/20 12ಕೆ' ಅಂತ ಮುದ್ರೆ ಇದ್ದರೆ, ಒಟ್ಟು ತೂಕದಲ್ಲಿ ಇಪ್ಪತ್ತನೇ ಒಂದು ಪಾಲು 12 ಕ್ಯಾರೆಟ್ ಚಿನ್ನ ಅಂತ ಅರ್ಥ. ನೂರು ಗ್ರಾಂನಲ್ಲಿ 5 ಗ್ರಾಂ ಹಾಳೆ, ಅದರಲ್ಲಿ ಅಪ್ಪಟ ಚಿನ್ನ ಎರಡೂವರೆ ಗ್ರಾಂ. ಅದೂ ಹೊಸದಾಗಿದ್ದಾಗ. ಹಳೇ ಕೈಗಡಿಯಾರದ ಪಟ್ಟಿ, ಕನ್ನಡಕದ ಫ್ರೇಮು ಸವೆದು ಬಂದಿರುತ್ತವೆ. 'ಜಿ.ಪಿ.' ಅಂತ ಇದ್ದರೆ ಅದು ಬರೀ ಲೇಪ, ತೆಗೆಯಲು ಏನೂ ಸಿಗುವುದಿಲ್ಲ. ನಮ್ಮಲ್ಲಿ ಒನ್ ಗ್ರಾಂ ಗೋಲ್ಡ್ ಅಂತ ಮಾರುವುದೂ ಆ ಜಾತಿಯದೇ. ಮೇಲೆ ಸಾಗಣೆ, ಸುಂಕ. ಅದಕ್ಕಿಂತ ದೊಡ್ಡ ವಿಷಯ ಆಸಿಡ್. ನೈಟ್ರಿಕ್ ಆಸಿಡ್‌ಗೆ ಹಿತ್ತಾಳೆ ಬಿದ್ದರೆ ಕಂದು ಹೊಗೆ ಏಳುತ್ತದೆ, ಅದು ಶ್ವಾಸಕೋಶ ಸುಡುತ್ತದೆ. ಅಪ್ಪನ ಅಂಗಡಿಯಲ್ಲಿ ಆ ಕೆಲಸ ಹಿತ್ತಲಿನಲ್ಲಿ, ಗಾಳಿ ಬೀಸುವ ದಿಕ್ಕು ನೋಡಿಯೇ ನಡೆಯುತ್ತಿತ್ತು. ಆದರೂ ಅವರು ಕೊನೆಗಾಲದಲ್ಲಿ ಕೆಮ್ಮಿ ಕೆಮ್ಮಿ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ನಿನಗೆ ಕೈಯಲ್ಲಿ ರಿಪೇರಿ ವಿದ್ಯೆ ಇದೆ. ಇದಕ್ಕೆ ಕೈ ಹಾಕಬೇಡ, ದಯವಿಟ್ಟು.

ಪ್ರಶ್ನೆ: ನನ್ನ ಎರಡೆಳೆ ಸರ ಒಂದು ಫೈನಾನ್ಸ್‌ನಲ್ಲಿ ಅಡವಿತ್ತು. ಬಡ್ಡಿ ಕಟ್ಟಲಾಗಲಿಲ್ಲ. ಈಗ ಆನ್‌ಲೈನ್‌ನಲ್ಲಿ ಹರಾಜು ಆಗಿಹೋಗಿದೆ ಅನ್ನುತ್ತಿದ್ದಾರೆ. ಸಾಲಕ್ಕಿಂತ ಸರದ ಬೆಲೆ ಜಾಸ್ತಿ ಇತ್ತು. ಉಳಿದ ಹಣ ಅವರದೇ ಆಗುತ್ತದಾ?
(ಓದುಗಿ, ಚನ್ನರಾಯಪಟ್ಟಣ)

ಉತ್ತರ: ಇಲ್ಲಮ್ಮ. ಅದು ನಿಮ್ಮ ಹಣ. ಅಸಲು, ಬಡ್ಡಿ, ಹರಾಜಿನ ನಿಜವಾದ ಖರ್ಚು ಹಿಡಿದುಕೊಂಡು ಉಳಿದದ್ದನ್ನು ನಿಮಗೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಹರಾಜಿಗೆ ಮೊದಲು ನಿಮಗೆ ನೋಟಿಸ್ ಬರಬೇಕಿತ್ತು, ಪತ್ರಿಕೆಯಲ್ಲಿ ಪ್ರಕಟಣೆಯೂ ಆಗಬೇಕಿತ್ತು. ಬಾಯಿ ಮಾತಲ್ಲಿ ಕೇಳಬೇಡಿ. ಒಂದು ಬಿಳಿ ಹಾಳೆಯಲ್ಲಿ ಬರೆದುಕೊಡಿ. ಸರದ ತೂಕ ಎಷ್ಟು ಅಂತ ಹಿಡಿದಿರಿ, ಎಷ್ಟು ಕ್ಯಾರೆಟ್, ಯಾವ ದಿನ ಹರಾಜಾಯಿತು, ಎಷ್ಟಕ್ಕೆ ಹೋಯಿತು, ಏನೇನು ಕಳೆದಿರಿ ಅಂತ ಕೇಳಿ. ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಅಡವಿಟ್ಟಾಗ ಕೊಟ್ಟ ಚೀಟಿಯಲ್ಲಿ ತೂಕ ಬರೆದಿರುತ್ತದೆ, ಅದಕ್ಕೂ ಇದಕ್ಕೂ ತಾಳೆ ನೋಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗಿರಾಕಿಗಳ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಪ್ರಶ್ನೆ: ನನ್ನ ಚೈನಿನ ಕೊಕ್ಕೆ ಮೇಲೆ 'ಕೆಡಿಎಂ' ಅಂತ ಇದೆ. ಇದು 916ಕ್ಕಿಂತ ಮೇಲಾ, ಕೆಳಗಾ?
(ಓದುಗ, ಅರಸೀಕೆರೆ)

ಉತ್ತರ: ಮೇಲೂ ಅಲ್ಲ, ಕೆಳಗೂ ಅಲ್ಲ. ಕೆಡಿಎಂ ಅನ್ನುವುದು ಪರಿಶುದ್ಧತೆಯ ಮುದ್ರೆಯೇ ಅಲ್ಲ. ಬೆಸುಗೆಗೆ ಕ್ಯಾಡ್ಮಿಯಂ ಬಳಸಿದ್ದಾರೆ ಅಂತ ಮಾತ್ರ ಅದು ಹೇಳುತ್ತದೆ. ಕ್ಯಾಡ್ಮಿಯಂ ಹೊಗೆ ಕೆಲಸಗಾರರಿಗೆ ವಿಷ, ಹಾಗಾಗಿ ಬಿಐಎಸ್ ಅದನ್ನು ಒಪ್ಪುವುದಿಲ್ಲ. ನಿಮ್ಮ ಚೈನು 22 ಇರಬಹುದು, 20 ಇರಬಹುದು. ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಅಜ್ಜಿಯ ಅಜ್ಜಿಯ ಕಾಲದ ಕೆಂಪಿನ ಜಡೆಬಿಲ್ಲೆ ನನ್ನ ಹತ್ತಿರ ಇದೆ. ಕರಗಿಸಲು ಮನಸ್ಸಿಲ್ಲ. ಹೊರದೇಶದ ಹರಾಜಿನಲ್ಲಿ ಹಳೇ ಒಡವೆಗೆ ಒಳ್ಳೆ ಬೆಲೆ ಇದೆ, ಕೊರಿಯರ್ ಮಾಡಿ, ನಾನು ಮಾರಿಕೊಡುತ್ತೇನೆ ಅಂತ ಅಮೆರಿಕದಲ್ಲಿರುವ ತಂಗಿ ಮಗ ಹೇಳುತ್ತಾನೆ.
(ಓದುಗಿ, ಚಿಕ್ಕಮಗಳೂರು)

ಉತ್ತರ: ಅಮ್ಮಾ, ಕಳಿಸಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಆಚೆ ಕಳಿಸುವ ಹಾಗಿಲ್ಲ. ಕಳಿಸಿದರೆ ಅಪರಾಧ. ದೇಶದ ಒಳಗೂ ಪ್ರಾಚ್ಯವಸ್ತು ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಅಜ್ಜಿಯ ಅಜ್ಜಿ ಅಂದರೆ ನೂರು ವರ್ಷ ಖಂಡಿತ ಆಗಿದೆ. ಅದು ಅಷ್ಟು ಹಳೆಯದಲ್ಲ ಅನ್ನಿಸಿದರೂ, ಹಾಗೆ ಹೇಳಬೇಕಾದವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು. ತಂಗಿ ಮಗ ಪ್ರೀತಿಯಿಂದಲೇ ಹೇಳಿರಬಹುದು, ಅವನಿಗೆ ಈ ಕಾನೂನು ಗೊತ್ತಿರಲಿಕ್ಕಿಲ್ಲ.

ಕರಗಿಸಲು ಮನಸ್ಸಿಲ್ಲ ಅಂದಿರಲ್ಲ, ಅದು ಓದಿ ನನಗೆ ಬಹಳ ಸಂತೋಷ ಆಯಿತು. ನಾನು ಚಿಕ್ಕವನಿದ್ದಾಗ ಅಪ್ಪ ಬೇಲೂರಿಗೆ ಕರೆದುಕೊಂಡು ಹೋಗಿದ್ದರು. 1117ರಲ್ಲಿ ಕಟ್ಟಿದ ಚೆನ್ನಕೇಶವ ದೇವಸ್ಥಾನ. ಎಲ್ಲರೂ ಮದನಿಕೆಯರ ಮುಖ ನೋಡುತ್ತಿದ್ದರೆ ಅಪ್ಪ ಅವರ ತೋಳಿನ ಒಡವೆ, ಕೊರಳಿನ ಸರ ತೋರಿಸಿ, 'ಈ ಸರದ ಕೊಂಡಿ ಎಲ್ಲಿ ಬರುತ್ತೆ ಹೇಳು' ಅಂತ ಕೇಳುತ್ತಿದ್ದರು. ಕಲ್ಲಿನಲ್ಲೂ ಮಣಿ ಪೋಣಿಸಿದ ದಾರ ತೂಕಕ್ಕೆ ಜೋತು ಬಿದ್ದ ಹಾಗೇ ಇದೆ. ಒಡವೆ ಕೆಲಸ ಬಲ್ಲವನು ಪಕ್ಕದಲ್ಲಿ ನಿಂತು ಹೇಳದಿದ್ದರೆ ಹಾಗೆ ಕೆತ್ತಲು ಆಗುವುದಿಲ್ಲ ಅಂತ ಅಪ್ಪನ ನಂಬಿಕೆ. ನಿಮ್ಮ ಜಡೆಬಿಲ್ಲೆಯೂ ಅಂಥ ಕೈಯ ಕೆಲಸ ಇರಬಹುದು. ತೂಕಕ್ಕೆ ಮಾರಿದರೆ ಅರಗು, ಹರಳು ಕಳೆದು ಕೈಗೆ ಬರುವುದು ಸ್ವಲ್ಪವೇ.

ಸದ್ಯಕ್ಕೆ ಅದನ್ನು ಪ್ಲಾಸ್ಟಿಕ್ ಕವರ್‌ನಿಂದ ತೆಗೆದು ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಿಸಿ ನೀರಿಗೆ ಹಾಕಬೇಡಿ, ಅರಗು ಸಡಿಲವಾಗಿ ಹರಳು ಉದುರುತ್ತದೆ. ಕೊಳೆ ಇದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ. ಮುಂಭಾಗದ ಫೋಟೊ ಪತ್ರದ ಜೊತೆ ಕಳಿಸಿದ್ದೀರಿ. ಮುಂದಿನ ಸಲ ಹಿಂಭಾಗದ್ದೂ ಕಳಿಸಿ, ಹಗಲು ಬೆಳಕಿನಲ್ಲಿ ತೆಗೆದದ್ದು. ಜಡೆಗೆ ಸಿಕ್ಕಿಸುವ ಕೊಳವೆಯ ಬೆಸುಗೆ, ತಗಡಿನ ಅಂಚು ಕಂಡರೆ ಅದು ಅಚ್ಚಿನಲ್ಲಿ ಒತ್ತಿದ್ದೋ ಕೈಯಲ್ಲಿ ತಟ್ಟಿದ್ದೋ ನಾನು ಹೇಳಬಲ್ಲೆ.